ಆತ್ಮತುಷ್ಟಿ ಯಾರದು? ಧರ್ಮನಿರ್ಣಯದಲ್ಲಿ ಭಾವ, ಆಚಾರ ಮತ್ತು ಸ್ತ್ರೀಪುರುಷಭೇದ

ಧರ್ಮವಾವದು, ಅಧರ್ಮವಾವದು ಎಂಬದನ್ನು ತಿಳಿಯುವದಕ್ಕೆ ಮನುಸ್ಮೃತಿಯು ನಾಲ್ಕು ಆಧಾರಗಳನ್ನು ಹೇಳಿರುವದು ಪಂಡಿತರಿಗೆಲ್ಲ ವಿದಿತವಾದ ವಿಷಯವು. ವೇದವು ಮೊದಲನೆಯದು, ಸ್ಮೃತಿಯು ಎರಡನೆಯದು, ಸತ್ಪುರುಷರ ಆಚಾರವು ಮೂರನೆಯದು, ತನ್ನ ಆತ್ಮಕ್ಕೆ ಒಪ್ಪಿಗೆಯಾಗುವಿಕೆ, ಅಂದರೆ ಆತ್ಮತುಷ್ಟಿಯು ನಾಲ್ಕನೆಯದು. ಇವುಗಳಲ್ಲಿ ಮೊದಲಿನ ಎರಡು ಗ್ರಂಥರೂಪವಾದವು. ಮೂರನೆಯದು ಜನರು ಹುಟ್ಟಿ ಬೆಳೆದ ಕುಲದೇಶಗಳ ನಡೆಯನ್ನು ಅವಲಂಬಿಸಿರುವದು. ಇಂದಿನವರು ಸಂಸ್ಕೃತಿಯೆಂದು ಕರೆಯುವದು ಬಹುಮಟ್ಟಿಗೆ ಇದನ್ನೇ. ನಾಲ್ಕನೆಯದು ಅಂತಃಕರಣದ ಭಾವಕ್ಕೆ ಸೇರಿದ್ದು. ಅಂದಮೇಲೆ ಒಳಿತುಕೆಡಕುಗಳ ನಿರ್ಣಯದಲ್ಲಿ ಗ್ರಂಥ ಮತ್ತು ತರ್ಕಗಳ ಜೊತೆಗೆ ರೂಢಿಯೂ ಹೃದಯವೂ ಪಾಲುಗೊಳ್ಳುವವೆಂಬದನ್ನು ಪೂರ್ವಿಕರು ಮರೆಮಾಚಿರಲಿಲ್ಲ. ಆದರೆ ಆ ಸತ್ಪುರುಷರು ಯಾರು, ಆ ತುಷ್ಟಿಯು ಯಾರ ಆತ್ಮದ್ದು ಎಂಬ ಪ್ರಶ್ನೆಯು ಧರ್ಮಸಭೆಗಳಲ್ಲಿ ಏಳುತ್ತಿದ್ದದು ಅಪರೂಪ. ನಿರ್ಣಯ ಹೇಳುವವರೆಲ್ಲರೂ ಪುರುಷರೇ ಆಗಿದ್ದಲ್ಲಿ ಆ ಪ್ರಶ್ನೆಗೆ ಎಡೆಯಾದರೂ ಎಲ್ಲಿ?

ಹತ್ತೊಂಬತ್ತನೆಯ ಶತಮಾನದ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಯು ಹಿಂದೂಸ್ಥಾನದಲ್ಲಿ ಬಹು ಗಟ್ಟಿಯಾಗಿ ಕೇಳಿಬಂದಿತು. ಬಾಲವಿವಾಹದ ಸಂಬಂಧವಾಗಿ ನಡೆದ ಎರಡು ಮೊಕದ್ದಮೆಗಳೂ ಒಂದು ಕಾಯಿದೆಯೂ ಅದಕ್ಕೆ ನಿಮಿತ್ತವಾದವು. ಮುಂಬಯಿ, ಪುಣೆ, ಕಲಕತ್ತೆಗಳೇ ಆ ವಾದದ ರಂಗಭೂಮಿಯಾಗಿದ್ದರೂ ಕನ್ನಡಿಗರಿಗೆ ಅದು ಪರಸ್ಥಳದ ಸುದ್ದಿಯಾಗಿರಲಿಲ್ಲ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಸೀಮೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಮುಂಬಯಿಯ ಹೈಕೋರ್ಟು ಆಡಿದ ಮಾತೇ ಈ ಸೀಮೆಯ ಗಂಡಹೆಂಡಿರಿಗೂ ಕಟ್ಟಳೆಯಾಗಿತ್ತು. ಆದುದರಿಂದ ಆ ಚರಿತ್ರೆಯನ್ನು ಕ್ರಮವಾಗಿ ನೋಡಿ, ಭಾವ, ಆಚಾರ, ಸ್ತ್ರೀಪುರುಷಭೇದ ಎಂಬ ಮೂರೂ ಮನುಷ್ಯನ ನ್ಯಾಯಬುದ್ಧಿಯನ್ನು ಹೇಗೆ ತಿದ್ದುವವು, ಹೇಗೆ ತಿರುಚುವವು ಎಂಬದನ್ನು ವಿಚಾರಿಸುವದು ಉಚಿತವಾಗಿದೆ.

ಮೊದಲು ಸ್ತ್ರೀಪುರುಷಭೇದದ ಮಾತು. ೧೮೮೧ರಲ್ಲಿ ಸುರತದಲ್ಲಿ ವಿಜಯಲಕ್ಷ್ಮಿಯೆಂಬ ಎಳೆಯ ಪ್ರಾಯದ ವಿಧವೆಯೊಬ್ಬಳು ಲೋಕಾಪವಾದಕ್ಕೆ ಅಂಜಿ, ತಾನು ಹೆತ್ತ ಶಿಶುವನ್ನು ಕೊಂದಳೆಂಬ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾದಳು. ಅಪೀಲಿನಲ್ಲಿ ಆ ಶಿಕ್ಷೆಯು ಇಳಿಸಲ್ಪಟ್ಟಿತು. ವೃತ್ತಪತ್ರಗಳಲ್ಲಿ ಸ್ತ್ರೀಜಾತಿಯ ಶೀಲದ ಮೇಲೆಯೇ ಕೆಸರೆರಚುವ ಲೇಖನಗಳು ಹೊರಟವು. ಆ ಶಿಶುವಿಗೆ ಒಬ್ಬ ತಂದೆಯೂ ಇರಬೇಕಷ್ಟೆ. ಅವನ ಹೆಸರನ್ನು ನ್ಯಾಯಾಸನವೂ ಕೇಳಲಿಲ್ಲ, ಲೋಕವೂ ಕೇಳಲಿಲ್ಲ. ವರ್‍ಹಾಡ ಪ್ರಾಂತದ ಬುಲಢಾಣೆಯ ತಾರಾಬಾಯಿ ಶಿಂದೆಯೆಂಬ ಗೃಹಿಣಿಯು ಇದನ್ನು ತಾಳಲಾರದೆ ‘ಸ್ತ್ರೀಪುರುಷ ತುಲನಾ’ ಎಂಬ ಮರಾಠಿ ಪುಸ್ತಕವನ್ನು ಬರೆದು ೧೮೮೨ರಲ್ಲಿ ಪ್ರಕಟಿಸಿದಳು. ಯಾವ ದೋಷಗಳನ್ನು ಹೆಣ್ಣಿನ ಸ್ವಭಾವವೆಂದು ಜರೆಯುವರೋ ಅವೇ ದೋಷಗಳು ಗಂಡಿನಲ್ಲಿಲ್ಲವೇ ಎಂಬದು ಆಕೆಯ ವಾದದ ತಿರುಳು. ಒಂದೇ ಕೃತ್ಯಕ್ಕೆ ಎರಡು ತಕ್ಕಡಿಗಳಿರುವವೆಂಬದನ್ನು ಹೆಣ್ಣುಮಗಳೊಬ್ಬಳು ದೇಶಭಾಷೆಯಲ್ಲಿ ಇಷ್ಟು ನಿಷ್ಠುರವಾಗಿ ಹೇಳಿದ ಗ್ರಂಥಗಳು ಅದಕ್ಕೆ ಮುಂಚೆ ವಿರಳ.

ಇನ್ನು ಮುಂಬಯಿಯ ವೃತ್ತಾಂತ. ರುಖ್ಮಾಬಾಯಿಯು ೧೮೬೪ರಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡಳು. ಆಕೆಯದು ಬಡಿಗರ ಕುಲ. ಆ ಕುಲದಲ್ಲಿ ವಿಧವಾವಿವಾಹಕ್ಕೆ ತಡೆಯಿರಲಿಲ್ಲವಾಗಿ ತಾಯಿಯು ವೈದ್ಯರಾದ ಡಾಕ್ಟರ್ ಸಖಾರಾಮ ಅರ್ಜುನರನ್ನು ಪುನಃ ಮದುವೆಯಾದಳು. ರುಖ್ಮಾಬಾಯಿಗೆ ಹನ್ನೊಂದನೆಯ ವರ್ಷದಲ್ಲಿ ದಾದಾಜಿ ಭಿಕಾಜಿಯೊಡನೆ ಲಗ್ನವಾಯಿತು. ವರನಿಗೆ ಆಗ ಹತ್ತೊಂಬತ್ತು ವರ್ಷ. ಲಗ್ನವಾದರೂ ಆಕೆಯು ಮಲತಂದೆಯ ಮನೆಯಲ್ಲಿಯೇ ಉಳಿದು ವಿದ್ಯೆಯಲ್ಲಿ ಮನಸ್ಸಿಟ್ಟಳು. ಪ್ರಾಯಕ್ಕೆ ಬಂದಮೇಲೆ, ತನ್ನ ತಿಳಿವಳಿಕೆಯಿಲ್ಲದ ಕಾಲದಲ್ಲಿ ನಡೆದ ಆ ಸಂಬಂಧಕ್ಕೆ ತನ್ನ ಮನಸ್ಸು ಒಪ್ಪದೆಂದು ಹೇಳಿ ಗಂಡನ ಮನೆಗೆ ಹೋಗಲು ನಿರಾಕರಿಸಿದಳು. ೧೮೮೪ರಲ್ಲಿ ದಾದಾಜಿಯು ದಾಂಪತ್ಯದ ಹಕ್ಕನ್ನು ಮರಳಿ ಕೊಡಿಸಬೇಕೆಂದು ಹೈಕೋರ್ಟಿನಲ್ಲಿ ದಾವೆ ಹೂಡಿದನು.

೧೮೮೫ರ ಸೆಪ್ಟಂಬರದಲ್ಲಿ ನ್ಯಾಯಮೂರ್ತಿ ಪಿನ್ಹೆಯವರು ದಾವೆಯನ್ನು ತಳ್ಳಿಹಾಕಿದರು. ಹಿಂದೆ ಒಮ್ಮೆಯೂ ಕೂಡಿ ಬಾಳದವರಿಗೆ ‘ಮರಳಿ’ ಕೂಡಿಸುವದೆಂದರೇನು ಎಂಬದು ಅವರ ಪ್ರಶ್ನೆ. ಒಪ್ಪದ ತರುಣಿಯನ್ನು ಬಲವಂತದಿಂದ ಒಬ್ಬನ ಮನೆಗೆ ನೂಕುವದು ಕ್ರೂರವಾದದ್ದೆಂದು ಅವರು ಸ್ಪಷ್ಟವಾಗಿ ನುಡಿದರು. ಈ ತೀರ್ಪು ಹೊರಟೊಡನೆ ಮಹಾರಾಷ್ಟ್ರದಲ್ಲಿ ದೊಡ್ಡ ಕೋಲಾಹಲವೆದ್ದಿತು. ಧರ್ಮವು ಮುಳುಗಿತು, ಮನೆಮನೆಯ ಹೆಣ್ಣುಮಕ್ಕಳೂ ಇನ್ನು ಗಂಡಂದಿರನ್ನು ಬಿಡುವರು ಎಂದು ‘ಕೇಸರಿ’ ಮೊದಲಾದ ಪತ್ರಗಳ ಪಕ್ಷದವರು ಕಳವಳಪಟ್ಟರು. ಅಪೀಲಿನಲ್ಲಿ, ೧೮೮೬ರಲ್ಲಿ, ಮುಖ್ಯ ನ್ಯಾಯಾಧೀಶ ಸಾರ್ಜೆಂಟರೂ ಅವರ ಜೊತೆಗಾರರೂ ಪಿನ್ಹೆಯವರ ತೀರ್ಪನ್ನು ರದ್ದುಗೊಳಿಸಿ, ದಾವೆಯನ್ನು ಪುನಃ ವಿಚಾರಣೆಗೆ ಕಳಿಸಿದರು. ೧೮೮೭ರ ಮಾರ್ಚದಲ್ಲಿ ನ್ಯಾಯಮೂರ್ತಿ ಫ್ಯಾರನ್ನರು, ರುಖ್ಮಾಬಾಯಿಯು ಒಂದು ತಿಂಗಳೊಳಗಾಗಿ ಗಂಡನ ಮನೆಗೆ ಹೋಗತಕ್ಕದ್ದು, ತಪ್ಪಿದರೆ ಆರು ತಿಂಗಳ ಸೆರೆವಾಸವೆಂದು ಆಜ್ಞಾಪಿಸಿದರು. ಸೆರೆಯನ್ನಾದರೂ ಅನುಭವಿಸುವೆನು, ಒಪ್ಪದ ಮನೆಗೆ ಮಾತ್ರ ಹೋಗೆನೆಂದು ಆಕೆಯು ಉತ್ತರ ಕೊಟ್ಟಳು.

ಇಲ್ಲಿ ಆಚಾರವೆಂಬ ಮಾತಿನ ಬಗೆಯನ್ನು ತುಸು ಬಿಡಿಸಿ ನೋಡತಕ್ಕದ್ದು. ದಾದಾಜಿಯ ಪಕ್ಷವನ್ನು ಹಿಡಿದವರು ತಾವು ಸನಾತನ ಹಿಂದೂ ಆಚಾರವನ್ನು ಕಾಯುವವೆಂದು ಪ್ರಾಮಾಣಿಕವಾಗಿ ನಂಬಿದ್ದರು. ಆದರೆ ದಾಂಪತ್ಯದ ಹಕ್ಕನ್ನು ಸರಕಾರದ ನ್ಯಾಯಸ್ಥಾನದ ಮುಖಾಂತರ ಪಡೆಯುವ ದಾವೆಯ ಪದ್ಧತಿಯು ಇಂಗ್ಲಂಡದ ಕ್ರಿಸ್ತಮತದ ಧರ್ಮಾಧಿಕಾರಿಗಳ ನ್ಯಾಯಾಲಯಗಳಿಂದ ಇಲ್ಲಿಗೆ ಬಂದದ್ದು. ಅದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ಇಂಥ ಆಜ್ಞೆಯನ್ನು ಪಾಲಿಸದವರನ್ನು ಸೆರೆಗೆ ಹಾಕುವ ಕ್ರಮವನ್ನು ಇಂಗ್ಲಂಡದವರು ತಮ್ಮ ದೇಶದಲ್ಲಿ ೧೮೮೪ರಲ್ಲಿಯೇ ನಿಲ್ಲಿಸಿಬಿಟ್ಟಿದ್ದರು. ತಾಯ್ನಾಡಿನಲ್ಲಿ ಕ್ರೂರವೆಂದು ಬಿಟ್ಟ ಶಿಕ್ಷೆಯನ್ನು ಮೂರು ವರ್ಷಗಳ ತರುವಾಯ ಮುಂಬಯಿಯಲ್ಲಿ ಒಬ್ಬ ಹಿಂದೂ ಸ್ತ್ರೀಗೆ ವಿಧಿಸಲಾಯಿತು. ಅದನ್ನು ಹಿಂದೂಧರ್ಮದ ಜಯವೆಂದು ಎಷ್ಟೋ ಜನರು ಹರ್ಷಪಟ್ಟರು. ಬೇರೆಯವರ ಹಳೆಯ ಅಂಗಿಯನ್ನು ತೊಟ್ಟು ಇದು ಅಜ್ಜನಿಂದ ಬಂದ ಶಲ್ಯವೆಂದು ಹೆಮ್ಮೆಪಟ್ಟಂತಾಯಿತು. ಬಳಕೆಯಲ್ಲಿ ಬಿದ್ದದ್ದೆಲ್ಲ ಪುರಾತನವೆಂದೂ, ಪುರಾತನವಾದದ್ದೆಲ್ಲ ಪವಿತ್ರವೆಂದೂ ತೋರುವದು ಮನಸ್ಸಿನ ಸ್ವಭಾವವು. ಆಚಾರವು ನಿರ್ಣಯವನ್ನು ತಿರುಚುವದು ಈ ಬಗೆಯಿಂದಲೇ.

ಮೊಕದ್ದಮೆಯು ೧೮೮೮ರ ಜುಲೈದಲ್ಲಿ ರಾಜಿಯಿಂದ ಕೊನೆಗಂಡಿತು. ದಾದಾಜಿಯು ಎರಡು ಸಾವಿರ ರೂಪಾಯಿಗಳನ್ನು ತೆಗೆದುಕೊಂಡು ತನ್ನ ಹಕ್ಕನ್ನು ಬಿಟ್ಟುಕೊಟ್ಟನು. ಆದರೆ ಕಟ್ಟಳೆಯು ಬದಲಾಗಲಿಲ್ಲ. ಹಣವೂ ವಿದ್ಯೆಯೂ ಹಿತಚಿಂತಕರೂ ಇಲ್ಲದ ಬೇರೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಲಿಲ್ಲ. ಈ ಮಾತನ್ನು ಕಂಡವರಲ್ಲಿ ಪಂಡಿತಾ ರಮಾಬಾಯಿಯು ಒಬ್ಬಳು. ಆಕೆಯ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಹತ್ತಿರದ ಮಾಳದವರು. ರೂಢಿಯನ್ನು ಮೀರಿ ಹೆಂಡತಿಗೂ ಮಗಳಿಗೂ ಸಂಸ್ಕೃತವನ್ನು ಕಲಿಸಿದವರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ೧೮೮೭ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥದಲ್ಲಿ ರಮಾಬಾಯಿಯು ಈ ಮೊಕದ್ದಮೆಯನ್ನು ಪ್ರಸ್ತಾಪಿಸಿದ್ದಾಳೆ.

ಎರಡನೆಯ ಮೊಕದ್ದಮೆಯು ಕಲಕತ್ತೆಯದು. ಅದನ್ನು ಹೇಳುವದಕ್ಕೆ ನಾಲಗೆಯು ತಡೆಯುವದು. ಆದರೂ ಚರಿತ್ರೆಯ ಸಲುವಾಗಿ ಹೇಳಲೇಬೇಕು. ಫೂಲಮಣಿಯೆಂಬ, ಹತ್ತು ವರ್ಷ ದಾಟಿದ್ದ ಬಾಲೆಯು, ತನಗಿಂತ ಬಹಳ ಹಿರಿಯನಾದ ಗಂಡನ ಬಲಾತ್ಕಾರದಿಂದ ಪೆಟ್ಟಾಗಿ ಪ್ರಾಣಬಿಟ್ಟಳು. ೧೮೯೦ರಲ್ಲಿ ವಿಚಾರಣೆ ನಡೆಯಿತು. ತಾಯಿಯೂ ಮನೆಯ ಹೆಂಗಸರೂ ಸಾಕ್ಷಿ ನುಡಿದರು. ೧೮೬೦ರ ದಂಡಸಂಹಿತೆಯ ಪ್ರಕಾರ ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಗಂಡನ ಮೇಲೆ ಬಲಾತ್ಕಾರದ ಅಪರಾಧವನ್ನು ಹೊರಿಸುವಂತಿರಲಿಲ್ಲ. ಆದುದರಿಂದ ಅವಿಚಾರದಿಂದ ಭಾರೀ ಗಾಯ ಮಾಡಿದನೆಂಬ ಕಲಮಿನ ಮೇಲೆ ಅವನಿಗೆ ಒಂದು ವರ್ಷದ ಕಠಿಣ ಶಿಕ್ಷೆ ಮಾತ್ರ ಆಯಿತು. ಕೂಸಿನ ಸಾವಿಗೆ ಕಾಯಿದೆಯು ಕೊಟ್ಟ ಬೆಲೆ ಅಷ್ಟೇ.

ಈ ಎರಡು ಪ್ರಸಂಗಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಭಾವದ ರೀತಿಯು ತಿಳಿಯುವದು. ಅಲಂಕಾರಶಾಸ್ತ್ರಜ್ಞರು ಶೋಕವನ್ನು ಕರುಣರಸದ ಸ್ಥಾಯಿಯೆಂದೂ ಕ್ರೋಧವನ್ನು ರೌದ್ರರಸದ ಸ್ಥಾಯಿಯೆಂದೂ ಹೇಳುವರು. ಫೂಲಮಣಿಯ ಸುದ್ದಿಯನ್ನು ಕೇಳಿ ದೇಶದಲ್ಲಿ ಶೋಕವು ಹುಟ್ಟಿತು. ರುಖ್ಮಾಬಾಯಿಯ ಸುದ್ದಿಯನ್ನು ಕೇಳಿ ಕ್ರೋಧವು ಹುಟ್ಟಿತು. ಇಬ್ಬರ ಸಂಕಟದ ಬೇರು ಒಂದೇ: ಒಪ್ಪಿಗೆ ಕೊಡುವ ವಯಸ್ಸಿಗೆ ಮುಂಚೆ ಕಟ್ಟಿದ ತಾಳಿ. ಆದರೆ ಒಬ್ಬಳು ಮಾತಾಡದೆ ಸತ್ತಳು, ಇನ್ನೊಬ್ಬಳು ಬದುಕಿ ಮಾತಾಡಿದಳು. ‘ಓರ್ವ ಹಿಂದೂ ಸ್ತ್ರೀ’ ಎಂಬ ಹೆಸರಿನಿಂದ ೧೮೮೫ರಲ್ಲಿ ಮುಂಬಯಿಯ ಇಂಗ್ಲಿಷ್ ಪತ್ರಕ್ಕೆ ರುಖ್ಮಾಬಾಯಿಯು ಬರೆದ ಕಾಗದಗಳೇ ಅನೇಕರಿಗೆ ಆಕೆಯ ದೊಡ್ಡ ಅಪರಾಧವಾಗಿ ಕಂಡವು. ಮೌನವಾಗಿ ನರಳುವ ಹೆಣ್ಣಿಗೆ ಕಣ್ಣೀರು, ನ್ಯಾಯ ಕೇಳುವ ಹೆಣ್ಣಿಗೆ ಕೆಂಗಣ್ಣು. ಕರುಣೆಯು ತಾನು ಕೊಡುವ ಸ್ಥಾನದಲ್ಲಿರುವವರೆಗೆ ಉದಾರವಾಗಿರುವದು. ಎದುರಿಗಿರುವ ಜೀವವು ಭಿಕ್ಷೆಯನ್ನು ಬಿಟ್ಟು ಹಕ್ಕನ್ನು ಕೇಳಿದೊಡನೆ ಅದೇ ಕರುಣೆಯು ಮುಖ ತಿರುಗಿಸುವದು. ಹಾಗೆಂದು ಭಾವವೇ ಬೇಡವೆಂಬಂತಿಲ್ಲ. ಹತ್ತು ವರ್ಷದ ಗಡಿಯು ಮೂವತ್ತು ವರ್ಷ ಕಾಯಿದೆಯ ಪುಸ್ತಕದಲ್ಲಿತ್ತು. ಅದರ ಅರ್ಥವು ಲೋಕಕ್ಕೆ ತಿಳಿದದ್ದು ಒಂದು ಕೂಸಿನ ಹೆಣವನ್ನು ಕಂಡಮೇಲೆ. ಭಾವವು ಕಣ್ಣನ್ನು ತೆರೆಸುವದು. ಆದರೆ ಯಾವ ಕಡೆಗೆ ನೋಡಬೇಕೆಂಬದನ್ನು ಅದೊಂದೇ ಹೇಳಲಾರದು.

೧೮೯೧ರ ಜನವರಿಯಲ್ಲಿ ಸರ್ ಆಂಡ್ರೂ ಸ್ಕೋಬಲ್ಲರು ವೈಸರಾಯರ ಕಾಯಿದೆಯ ಸಭೆಯಲ್ಲಿ, ಮದುವೆಯಾಗಿರಲಿ ಆಗದಿರಲಿ ಹನ್ನೆರಡು ವರ್ಷ ತುಂಬದ ಬಾಲೆಯ ಸಂಗವು ಅಪರಾಧವೆಂಬ ಮಸೂದೆಯನ್ನು ತಂದರು. ‘ಇಂಡಿಯನ್ ಸ್ಪೆಕ್ಟೇಟರ್’ ಪತ್ರದ ಬೆಹರಾಮಜಿ ಮಲಬಾರಿಯವರು ೧೮೮೪ರಿಂದ ಈ ವಿಷಯವಾಗಿ ಪಟ್ಟುಹಿಡಿದು ಬರೆಯುತ್ತಿದ್ದರು. ಅವರು ಪಾರಸಿಗಳು, ಪರಮತದವನಿಗೆ ನಮ್ಮ ಮನೆಯ ಮಾತೇಕೆ ಎಂಬ ಆಕ್ಷೇಪವನ್ನು ಕೊನೆಯವರೆಗೂ ಹೊತ್ತರು. ಋತುವಾದ ಕೂಡಲೆ ಗರ್ಭಾಧಾನವನ್ನು ಮಾಡತಕ್ಕದ್ದೆಂಬ ವಿಧಿಯು ಈ ಕಾಯಿದೆಯಿಂದ ಲೋಪವಾಗುವದೆಂದು ವಿರೋಧಿಗಳು ವಾದಿಸಿದರು. ಬಂಗಾಲದಲ್ಲಿ ‘ಬಂಗಬಾಸಿ’ ಪತ್ರವು ಮುಂದಾಯಿತು. ಕಲಕತ್ತೆಯ ಮೈದಾನದಲ್ಲಿ ಸಾವಿರಾರು ಜನರು ನೆರೆದರು. ಸಭೆಯೊಳಗೆ ಸರ್ ರಮೇಶಚಂದ್ರ ಮಿತ್ರರು ಮಸೂದೆಯನ್ನು ವಿರೋಧಿಸಿದರು. ಇತ್ತ ಡಾಕ್ಟರ್ ರಾಮಕೃಷ್ಣ ಗೋಪಾಲ ಭಾಂಡಾರಕರರು ಅದೇ ಧರ್ಮಶಾಸ್ತ್ರಗಳನ್ನು ಶೋಧಿಸಿ, ಗರ್ಭಾಧಾನವನ್ನು ಮುಂದಕ್ಕೆ ಹಾಕಿದ ಮಾತ್ರದಿಂದ ಧರ್ಮಹಾನಿಯಾಗದೆಂದು ಪ್ರಬಂಧ ಬರೆದರು. ರಾನಡೆ, ತೆಲಂಗರು ಅವರ ಪಕ್ಷದವರು. ಗ್ರಂಥ ಒಂದೇ, ಓದಿದ ಮನಸ್ಸುಗಳು ಎರಡು. ನಿರ್ಣಯವು ಮೊದಲು ಅಂತಃಕರಣದಲ್ಲಿ ಆಗಿ, ಪ್ರಮಾಣವಚನಗಳು ಆಮೇಲೆ ಹುಡುಕಲ್ಪಡುವವೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು.

ಲೋಕಮಾನ್ಯ ತಿಲಕರ ನಿಲುವನ್ನು ಹೇಳುವಾಗ ನ್ಯಾಯವಾಗಿ ಹೇಳಬೇಕು. ಅವರು ಬಾಲವಿವಾಹದ ಪಕ್ಷಪಾತಿಗಳೆಂದು ಹೇಳುವದು ಸರಿಯಾಗದು. ಹುಡುಗಿಗೆ ಹದಿನಾರು, ಹುಡುಗನಿಗೆ ಇಪ್ಪತ್ತು ವರ್ಷಗಳಾಗುವ ಮೊದಲು ಮದುವೆ ಮಾಡೆವೆಂದು ಜನರು ತಾವಾಗಿಯೇ ಪ್ರತಿಜ್ಞೆ ಮಾಡಲೆಂದು ೧೮೯೦ರಲ್ಲಿ ಸೂಚಿಸಿದವರು ಅವರೇ. ಅವರ ವಿರೋಧವು ಪರರಾಜ್ಯದವರು ಕಾಯಿದೆಯ ಕೈಯಿಂದ ಮನೆಯೊಳಗೆ ಪ್ರವೇಶಿಸುವದಕ್ಕೆ. ಸೋತ ನಾಡಿನ ಸ್ವಾಭಿಮಾನವು ಅಲ್ಲಿ ಮಾತಾಡುತ್ತಿತ್ತು. ಅದು ಹುಸಿಯಾದ ಭಾವವಲ್ಲ. ಆಳುವವರ ಸುಧಾರಣೆಯ ಗರ್ವವಾದರೂ ಎಷ್ಟರದು? ಇಂಗ್ಲಂಡದಲ್ಲಿ ಒಪ್ಪಿಗೆಯ ವಯಸ್ಸು ೧೮೭೫ರವರೆಗೆ ಹನ್ನೆರಡೇ ಇತ್ತು, ಆಮೇಲೆ ಹದಿಮೂರಾಯಿತು, ೧೮೮೫ರಲ್ಲಿ ಹದಿನಾರಾಯಿತು. ಅವರ ಆಚಾರವೂ ನಿನ್ನೆ ಮೊನ್ನೆ ತಿದ್ದಿಕೊಂಡದ್ದೇ. ಆದರೆ ಸ್ವಾಭಿಮಾನ ಮತ್ತು ಗರ್ವಗಳ ಈ ಜಗಳದಲ್ಲಿ ಎರಡೂ ಪಕ್ಷದವರು ವಿಚಾರಿಸದೆ ಬಿಟ್ಟದ್ದು ಆ ಬಾಲೆಯರನ್ನೇ. ನಾಡಿನ ಮಾನವನ್ನು ಮಕ್ಕಳ ಮೈಮೇಲೆ ಹೊರಿಸಬಹುದೇ ಎಂದು ಕೇಳುವವರು ಸಭೆಯಲ್ಲಿ ಇರಲಿಲ್ಲ; ಯಾಕಂದರೆ ಸಭೆಯಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಹೊರಗಿನಿಂದ ಡಾಕ್ಟರ್ ಮ್ಯಾನ್ಸೆಲ್ ಮುಂತಾದ ವೈದ್ಯ ಸ್ತ್ರೀಯರು ಆಸ್ಪತ್ರೆಗಳಲ್ಲಿ ತಾವು ಕಣ್ಣಾರೆ ಕಂಡ ಬಾಲಪತ್ನಿಯರ ಸಂಕಟಗಳನ್ನು ಒಂದೊಂದಾಗಿ ಬರೆದು ವೈಸರಾಯರಿಗೆ ಮನವಿ ಕಳಿಸಿದರು. ಶ್ಲೋಕಗಳ ವ್ಯಾಖ್ಯಾನಗಳ ನಡುವೆ ಅದೊಂದೇ ಪ್ರತ್ಯಕ್ಷಪ್ರಮಾಣವಾಗಿತ್ತು. ಮಾರ್ಚ ೧೯ರಂದು ಮಸೂದೆಯು ಕಾಯಿದೆಯಾಯಿತು.

ಮೈಸೂರಿನಲ್ಲಿ ಈ ಪ್ರಶ್ನೆಯು ಬೇರೆ ದಾರಿಯನ್ನು ಹಿಡಿಯಿತು. ಅಲ್ಲಿ ಸ್ವದೇಶೀ ಅರಸರ ಆಳಿಕೆಯಿದ್ದುದರಿಂದ ಪರಕೀಯರ ಹಸ್ತಕ್ಷೇಪವೆಂಬ ಕ್ರೋಧಕ್ಕೆ ಅಷ್ಟಾಗಿ ಆಸ್ಪದವಿರಲಿಲ್ಲ. ಶ್ರೀ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರರು ದಿವಾನರಾಗಿದ್ದಾಗ, ೧೮೯೪ರಲ್ಲಿ ಬಾಲವಿವಾಹ ಪ್ರತಿಬಂಧಕ ಕಾನೂನು ಹೊರಟಿತು. ಎಂಟು ವರ್ಷದೊಳಗಿನ ಹೆಣ್ಣುಕೂಸಿನ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವದನ್ನೂ ಅದು ನಿಷೇಧಿಸಿತು. ಇಂದಿನ ಕಣ್ಣಿಗೆ ಈ ಅಂಕೆಗಳು ಅತ್ಯಲ್ಪವಾಗಿ ತೋರುವವು. ಆದರೆ ಅಂದಿನ ಲೋಕಕ್ಕೆ ಅಷ್ಟೂ ಹೆಚ್ಚಾಗಿ ಕಂಡಿತೆಂಬದನ್ನು ನೆನೆದರೆ, ಆಚಾರವು ಕಣ್ಣಿನ ಅಳತೆಯನ್ನೇ ಹೇಗೆ ಬದಲಿಸುವದೆಂಬದು ವ್ಯಕ್ತವಾಗುವದು.

೧೮೯೧ರ ಕಾಯಿದೆಯಿಂದ ಆದ ಪ್ರಯೋಜನವೆಷ್ಟು? ೧೯೨೮ರಲ್ಲಿ ಸರ್ ಮೋರೋಪಂತ ಜೋಶಿಯವರ ಅಧ್ಯಕ್ಷತೆಯಲ್ಲಿ ನಿಯಮಿತವಾದ ಸಮಿತಿಯು ದೇಶವನ್ನೆಲ್ಲ ಸುತ್ತಿ ವಿಚಾರಿಸಿದಾಗ, ಇಂಥದೊಂದು ಕಾಯಿದೆಯಿರುವದೇ ಜನಸಾಮಾನ್ಯರಿಗೆ ಬಹುಮಟ್ಟಿಗೆ ತಿಳಿಯದೆಂಬದು ಹೊರಬಿದ್ದಿತು. ಶೋಕದ ಬಿಸಿಯಲ್ಲಿ ಹುಟ್ಟಿದ ಕಾಯಿದೆಯು ಶೋಕವು ತಣ್ಣಗಾದಮೇಲೆ ಕಾಗದದಲ್ಲಿ ನಿದ್ರೆಹೋಗಿತ್ತು. ಆದರೆ ಈ ಸಲ ಒಂದು ಭೇದವಿತ್ತು. ಸಮಿತಿಯ ಸದಸ್ಯರಲ್ಲಿ ಶ್ರೀಮತಿ ರಾಮೇಶ್ವರೀ ನೆಹರೂ ಅವರು ಇದ್ದರು. ಸ್ತ್ರೀಯರು ಮುಂದೆ ಬಂದು ಸಾಕ್ಷ್ಯ ಕೊಟ್ಟರು. ೧೯೨೭ರಲ್ಲಿ ಪುಣೆಯಲ್ಲಿ ಮೊದಲು ಕೂಡಿದ ಅಖಿಲ ಭಾರತ ಮಹಿಳಾ ಪರಿಷತ್ತು ಈ ಕಾರ್ಯವನ್ನು ಎತ್ತಿಕೊಂಡಿತು. ಅಜಮೀರದ ಹರಬಿಲಾಸ ಸಾರಡಾ ಅವರು ತಂದ ಮಸೂದೆಯು ೧೯೨೯ರಲ್ಲಿ ಕಾಯಿದೆಯಾಗಿ, ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ವರ್ಷಗಳ ಮಿತಿಯನ್ನು ಹಾಕಿತು. ಮತ ಕೊಟ್ಟವರು ಈಗಲೂ ಪುರುಷರೇ. ಆದರೆ ಕಷ್ಟವನ್ನು ಉಂಡವರ ಮಾತು ಅವರ ಕಿವಿಗೆ ಬಿದ್ದಿತ್ತು. ತಪ್ಪಿದ ಹೆಂಡತಿಯನ್ನು ಸೆರೆಗೆ ಹಾಕುವ ಕಟ್ಟಳೆಯೂ ೧೯೨೩ರ ತಿದ್ದುಪಡಿಯಿಂದ ಹೋಗಿಬಿಟ್ಟಿತ್ತು.

ಅಲ್ಲಿಂದೀಚಿನ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಹೆಣ್ಣಿನ ವಿವಾಹದ ವಯಸ್ಸು ೧೯೪೯ರಲ್ಲಿ ಹದಿನೈದಕ್ಕೂ ೧೯೭೮ರಲ್ಲಿ ಹದಿನೆಂಟಕ್ಕೂ ಏರಿತು, ಗಂಡಿನದು ಇಪ್ಪತ್ತೊಂದಾಯಿತು. ೨೦೦೬ರಲ್ಲಿ ಹೊಸ ನಿಷೇಧ ಕಾಯಿದೆ ಬಂದಿತು. ಕರ್ನಾಟಕವು ೨೦೧೬ರ ತಿದ್ದುಪಡಿಯಿಂದ ಬಾಲವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ೨೦೧೭ರ ಅಕ್ಟೋಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನೆಂಟು ತುಂಬದ ಹೆಂಡತಿಗೂ ದಂಡಸಂಹಿತೆಯ ಆಶ್ರಯವುಂಟೆಂದು ತೀರ್ಪಿತ್ತಿತು. ಫೂಲಮಣಿಯ ಮೊಕದ್ದಮೆಯಲ್ಲಿ ಹತ್ತು ವರ್ಷದ ಗಡಿಗೆ ಬಂದು ನಿಂತಿದ್ದ ನ್ಯಾಯವು ಅಲ್ಲಿಗೆ ತಲುಪುವದಕ್ಕೆ ನೂರ ಇಪ್ಪತ್ತೇಳು ವರ್ಷಗಳು ಹಿಡಿದವು.

ರುಖ್ಮಾಬಾಯಿಯ ಮುಂದಿನ ಜೀವಿತವು ಆಕೆಯನ್ನು ಜರೆದವರಿಗೆ ಮೌನವಾದ ಉತ್ತರವಾಯಿತು. ಮುಂಬಯಿಯ ಕಾಮಾ ಆಸ್ಪತ್ರೆಯ ಡಾಕ್ಟರ್ ಎಡಿತ್ ಪೀಚಿ ಮುಂತಾದವರ ನೆರವಿನಿಂದ ಆಕೆಯು ೧೮೮೯ರಲ್ಲಿ ಇಂಗ್ಲಂಡಕ್ಕೆ ಹೋಗಿ, ಲಂಡನ್ನಿನ ಸ್ತ್ರೀವೈದ್ಯಶಾಲೆಯಲ್ಲಿ ಕಲಿತು, ತಿರುಗಿ ಬಂದು ಸುರತದಲ್ಲಿಯೂ ಬಳಿಕ ರಾಜಕೋಟದಲ್ಲಿಯೂ ಸ್ತ್ರೀಯರಿಗೆ ದಶಕಗಳ ಕಾಲ ಚಿಕಿತ್ಸೆ ಮಾಡಿದಳು. ೧೯೫೫ರಲ್ಲಿ, ತೊಂಬತ್ತು ದಾಟಿದ ಪ್ರಾಯದಲ್ಲಿ ದೇಹವಿಟ್ಟಳು. ವಿಜಯಲಕ್ಷ್ಮಿಯು ಯಾವ ಪಟ್ಟಣದಲ್ಲಿ ಅಪರಾಧಿಯಾಗಿ ನಿಂತಿದ್ದಳೋ ಆ ಪಟ್ಟಣದಲ್ಲಿಯೇ ರುಖ್ಮಾಬಾಯಿಯು ಬಾಣಂತಿಯರ ತೊಟ್ಟಿಲ ಪಕ್ಕದಲ್ಲಿ ವೈದ್ಯೆಯಾಗಿ ನಿಂತಳು.

ಈ ಚರಿತ್ರೆಯಿಂದ ತಿಳಿಯತಕ್ಕದ್ದೇನೆಂದರೆ, ಭಾವವನ್ನಾಗಲಿ ಆಚಾರವನ್ನಾಗಲಿ ಕಿತ್ತೊಗೆದು ಬರಿಯ ಬುದ್ಧಿಯಿಂದ ಧರ್ಮವನ್ನು ನಿರ್ಣಯಿಸುವದು ಮನುಷ್ಯನಿಗೆ ಸಾಧ್ಯವಿಲ್ಲ. ಪಿನ್ಹೆಯವರ ಅಸಹ್ಯವೂ ಭಾವವೇ, ಅವರನ್ನು ಜರೆದವರ ಅಂಜಿಕೆಯೂ ಭಾವವೇ; ಭಾಂಡಾರಕರರು ಹಿಡಿದದ್ದೂ ಶಾಸ್ತ್ರವೇ, ಅವರ ಪ್ರತಿಪಕ್ಷದವರು ಹಿಡಿದದ್ದೂ ಶಾಸ್ತ್ರವೇ. ಇವುಗಳಲ್ಲಿ ಕಾಳುಹೊಟ್ಟುಗಳನ್ನು ಬೇರ್ಪಡಿಸುವ ಮೊರ ಒಂದೇ: ನಿರ್ಣಯದ ಭಾರವನ್ನು ಯಾರು ಹೊರಬೇಕೋ ಅವರನ್ನು ಕೇಳಿದ್ದುಂಟೇ ಎಂಬದು. ಶಿವಶರಣರು ಅನುಭವವನ್ನು ಪ್ರಮಾಣವಾಗಿ ಹಿಡಿದರೆಂಬದು ಶ್ರೀಮಠದ ಭಕ್ತರಿಗೆ ಹೊಸದಾಗಿ ಹೇಳತಕ್ಕ ಮಾತಲ್ಲ. ಅವರ ಗೋಷ್ಠಿಯಲ್ಲಿ ಅಕ್ಕಮಹಾದೇವಿ ಮೊದಲಾದ ಶರಣೆಯರ ವಚನಗಳೂ ಉಳಿದುಬಂದಿರುವವು. ಅನುಭವವೆಂದಮೇಲೆ ಅದು ಉಂಡವರ ಬಾಯಿಂದಲೇ ಬರತಕ್ಕದ್ದು. ನೋಡಿದವರು ಊಹಿಸಿ ಹೇಳತಕ್ಕದ್ದಲ್ಲ. ಇಂದಿಗೂ ಊರಿನ ಪಂಚರ ಕಟ್ಟೆಯ ಮೇಲೆ, ಮನೆಯ ಹಿರಿಯರ ಪಡಸಾಲೆಯಲ್ಲಿ, ಹೆಣ್ಣುಮಗಳೊಬ್ಬಳ ಲಗ್ನ, ಬಿಡುಗಡೆ, ಅಪವಾದಗಳ ಮಾತು ಬರುತ್ತಲೇ ಇರುವದು. ಅಲ್ಲಿ ಆಚಾರವೇನು, ಶಾಸ್ತ್ರವೇನು, ನಾಲ್ಕು ಜನರು ಏನೆಂದಾರು ಎಂದು ಕೇಳುವವರು ಬಹಳ. ಒಳಗಿನ ಬಾಗಿಲ ಮರೆಯಲ್ಲಿ ನಿಂತವಳನ್ನು ಹೊರಗೆ ಕರೆದು, “ತಂಗೀ, ನಿನ್ನ ಮನಸ್ಸೇನವ್ವಾ?” ಎಂದು ಮೊದಲು ಕೇಳುವ ಹಿರಿಯನೇ ನಾಲ್ಕನೆಯ ಪ್ರಮಾಣದ ಅರ್ಥವನ್ನು ಬಲ್ಲವನು.